ನನ್ನ ಗಂಟಲು ಮತ್ತು ಬೀಗದ ಕೈ ಭಾಗೀರಥಿ

ಫೆಬ್ರವರಿ ೩, ಸೋಮವಾರ

ಸಂಜೆ ಹುಬ್ಬಳ್ಳಿಯಿಂದ ಹಾನಗಲ್ಲಿಗೆ ಬಂದು ಮುಟ್ಟಿದೆವು. ಗಂಟಲಿನಲ್ಲಿ ಜೋಳದ ಕಾಳಿನಷ್ಟು ಗಂಟು ಇತ್ತಂತೆ, ತೆಗೆದರು. ಆಪರೇಷನ್‌ಗೆ ಮುಂಚೆ ಡಾಕ್ಟರರು ನನ್ನ ಕೆಲಸ ಏನೆಂದು ಕೇಳಿದ್ದರು. ಪಾತ್ರೆ ಅಂಗಡಿ ಎಂದೆ. ಮದುವೆಯಾಗಿ ಬಂದಾಗಿನಿಂದ ಗಲ್ಲೆಯ ಮುಂದೆ ಕೂರುವುದು, ರಸ್ತೆಯಲ್ಲಿ ಹೋಗುವ ಗಿರಾಕಿಯನ್ನು ಒಳಗೆ ಕರೆಯುವುದು, ಚೌಕಾಸಿ ಮಾಡುವುದು, ಎಲ್ಲ ನಾನೇ ಎಂದೂ ಹೇಳಿದೆ. ಇನ್ನೂ ಹೇಳುವುದಿತ್ತು, ಆದರೆ ಗಂಟು ಹೇಗೆ ಬಂತು ಎಂದು ತಿಳಿಯಲು ಅವರಿಗೆ ಅಷ್ಟೇ ಸಾಕಾಯಿತು.

ಈಗ ಅವರು ಹೇಳುವತನಕ ಮಾತಾಡಬಾರದು. ಪಿಸುಗುಟ್ಟಬಾರದು. ಗುನುಗಬಾರದು. ಕೆಮ್ಮು ಬಂದರೂ ವಿಚಾರ ಮಾಡಿ ಕೆಮ್ಮಬೇಕು. ಇದನ್ನೆಲ್ಲ ಅವರು ನಮ್ಮವರಿಗೆ ವಿವರಿಸಿ, ತಿಳೀತಲ್ಲ ಕರಿಬಸಪ್ಪನವರೇ ಎಂದು ಕೇಳಿದರು. ನಮ್ಮವರು "ಆತ್ರಿ" ಎಂದರು. ಅದು ಅವರ ಒಂದು ವಾರದ ಮಾತು. ಈ ಮನುಷ್ಯನ ಕೈಗೆ ಅಂಗಡಿ ಹೋಗುತ್ತದೆ.

ಮಗಳು ಶೀಲಾ ಶಿಗ್ಗಾವಿಯಿಂದ ಬಂದು ಒಂದು ಪಾಟಿ, ಬಳಪ ಕೊಟ್ಟು ಹೋದಳು. ಪಾಟಿ ಬಹಳ ಸಣ್ಣದು. ಅದರಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತೇನೆ.

ಫೆಬ್ರವರಿ ೪, ಮಂಗಳವಾರ

ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಮೊದಲ ಗಿರಾಕಿ ಅಕ್ಕಿಆಲೂರಿನ ಹೆಂಗಸು. ತಾಮ್ರದ ಕೊಡ ಇದೆಯೇ ಎಂದಳು. ನಮ್ಮವರು "ಐತ್ರಿ" ಎಂದರು. ಚಲೋ ಬಾಳಿಕೆ ಬರುತ್ತದೆಯೇ ಎಂದಳು. ಕೊಡವನ್ನು ಅವಳ ಮುಂದಿಟ್ಟು "ನೋಡ್ರಿ" ಎಂದರು. ನಾನಾಗಿದ್ದರೆ ಆ ಕೊಡದ ಕುಲಗೋತ್ರ ಹೇಳಿ, ಅವಳ ತವರುಮನೆ ಯಾವುದು ಎಂದು ತಿಳಿದು, ಅಲ್ಲಿಯವರೂ ಇದನ್ನೇ ಒಯ್ದಿದ್ದಾರೆ ಎಂದು ಹೇಳಿ, ಚಹಾ ತರಿಸುತ್ತಿದ್ದೆ.

ಅವಳು ಕೊಡವನ್ನು ತಿರುಗಿಸಿ ನೋಡಿ, ಒಮ್ಮೆ ಬಾರಿಸಿ, ತೆಗೆದುಕೊಂಡು ಹೋದಳು.

ಹೊಸಬರ ಕಾಲ್ಗುಣ, ಮೊದಲ ದಿನ ಹೀಗೇ ಆಗುತ್ತದೆ.

ಫೆಬ್ರವರಿ ೬, ಗುರುವಾರ

ತಲೆಯೊಳಗೆ ಒಂದು ರಾಗ ಬಂದು ಕೂತಿದೆ. ಬಾಯಿ ಖಾಲಿ ಇದೆ ಎಂದು ಗೊತ್ತಾಗಿ ತಲೆಯಲ್ಲಿ ಬಾಡಿಗೆ ಹಿಡಿದಂತಿದೆ. ಮೊದಲು ಪಿಟೀಲು, ಪಕ್ಕದ ಕೋಣೆಯಲ್ಲಿರುವವರನ್ನು ಮೆಲ್ಲಗೆ ಕರೆದ ಹಾಗೆ. ಆಮೇಲೆ ಕೊಳಲು. ತಬಲಾ ಬರುತ್ತದೆ, ಎಲ್ಲ ಸೇರಿ ಮೇಲಕ್ಕೆ ಏರುತ್ತವೆ, ಅಲ್ಲಿಗೆ ಟಪ್ಪೆಂದು ನಿಂತು ಮತ್ತೆ ಪಿಟೀಲಿನಿಂದ ಶುರು. ಟಿ.ವಿ. ಬಂದ ಹೊಸದರಲ್ಲಿ ಬರುತ್ತಿದ್ದ ಯಾವುದೋ ಧಾರಾವಾಹಿಯದು, ಅಷ್ಟು ಖಾತ್ರಿ. ಯಾವುದು ಎಂದು ಹೊಳೆಯುತ್ತಿಲ್ಲ. ಯಾರನ್ನಾದರೂ ಕೇಳಬೇಕೆಂದರೆ ಗುನುಗಬೇಕು, ಗುನುಗುವಂತಿಲ್ಲ. ಪಾಟಿಯ ಮೇಲೆ ಪಿಟೀಲು ಬರೆಯುವುದು ಹೇಗೆ?

ಮಧ್ಯಾಹ್ನ ತಡೆಯಲಾಗದೆ ಸೌಟು ತೆಗೆದುಕೊಂಡು ತಾಟಿನ ಮೇಲೆ ಅದರ ತಾಳ ಬಾರಿಸಿದೆ. ನಮ್ಮವರು ನೀರು ತಂದುಕೊಟ್ಟರು. ಇನ್ನೊಮ್ಮೆ ಬಾರಿಸಿದೆ. ಗುಳಿಗೆ ತಂದರು. ಮೂರನೆಯ ಸಲ ಜೋರಾಗಿ ಬಾರಿಸಿದ್ದಕ್ಕೆ ಪಕ್ಕದ ಹೊಲಿಗೆ ಅಂಗಡಿಯ ಶಬನಮ ಕತ್ತರಿ ಹಿಡಿದುಕೊಂಡೇ ಓಡಿಬಂದು, ಕಳ್ಳನನ್ನು ಹಿಡಿದಿದ್ದೇವೆಯೇ ಎಂದು ಕೇಳಿದಳು. ಅಷ್ಟರಲ್ಲಿ ನಮ್ಮವರು ಅರ್ಧ ಶಟರು ಎಳೆದಿದ್ದರು, ನನಗೆ ತಲೆನೋವು ಎಂದು.

ಫೆಬ್ರವರಿ ೭, ಶುಕ್ರವಾರ

ರಾಗ ಹೋಗಿಲ್ಲ.

ಫೆಬ್ರವರಿ ೯, ರವಿವಾರ

ಶೀಲಾ ಬಂದಿದ್ದಳು. ಪಾಟಿಯ ಮೇಲೆ "ಹಳೇ ಧಾರಾವಾಹಿ. ಸಂಗೀತ. ಯಾವುದು?" ಎಂದು ಬರೆದು ತೋರಿಸಿದೆ. ಅವಳು ತನ್ನ ಫೋನಿಗೆ ಯಾರಾದರೂ ಗುನುಗಿದರೆ ಅದು ಹಾಡು ಹುಡುಕಿಕೊಡುತ್ತದೆ ಎಂದಳು. ನಾನು ಬಾಯಿ ತೋರಿಸಿದೆ. ಹಾಗಾದರೆ ಅಪ್ಪ ಗುನುಗಲಿ, ಅವ್ವ ಹೌದು ಅಲ್ಲ ಎಂದು ತಲೆ ಆಡಿಸಲಿ ಎಂದಳು.

ನನಗೆ ನಗು ಬಂತು. ಈ ಮನುಷ್ಯ ಮಂಗಳಾರತಿಯಲ್ಲೂ ತುಟಿ ಮಾತ್ರ ಆಡಿಸುವವರು.

ನಮ್ಮವರು ಶಲ್ಯ ಸರಿಮಾಡಿಕೊಂಡು, ಗಂಟಲು ಸವರಿಕೊಂಡು, 'ಬೀಗದ ಕೈ ಭಾಗೀರಥಿ' ಧಾರಾವಾಹಿಯ ಶುರುವಿನ ಹಾಡು ಎತ್ತಿದರು. "ಯಾರ ಸೊಂಟದ ಕೀಲಿ ಕೈಯೋ, ಯಾರ ಮನೆಯ ಬಾಗಿಲೋ." ಪೂರ್ತಿ ಹಾಡಿದರು. ಪಿಟೀಲು ಬರುವಲ್ಲಿ ಮೂಗಿನಿಂದ ಪಿಟೀಲು, ತಬಲಾ ಬರುವಲ್ಲಿ ತೊಡೆಯ ಮೇಲೆ ತಬಲಾ, ಬಾಗಿಲು ಕಿರ್ರೆನ್ನುವಲ್ಲಿ ಕಿರ್ರ್. ನಾನು ಅಲ್ಲ ಎಂದು ತಲೆ ಆಡಿಸಿದೆ. ಇನ್ನೊಂದು ಧಾರಾವಾಹಿಯದು ಹಾಡಿದರು. ಅದೂ ಅಲ್ಲ. ಮತ್ತೊಂದು. ವಾರ್ತೆ ಶುರುವಾಗುವ ಮುಂಚಿನದು, ಕೃಷಿಯವರ ಕಾರ್ಯಕ್ರಮದ್ದು, ಹಲ್ಲಿನ ಪುಡಿಯ ಜಾಹೀರಾತಿನದು, ಒಂದಾದ ಮೇಲೊಂದು ಬಂದವು. ಧ್ವನಿ ಚಲೋ ಇದೆ. ಸ್ವಲ್ಪ ಕಂಪಿಸುತ್ತದೆ, ಆದರೆ ಚಲೋ ಇದೆ. ಶೀಲಾ ಫೋನು ಹಿಡಿಯುವುದನ್ನೇ ಮರೆತು ಅಪ್ಪನನ್ನು ನೋಡುತ್ತ ಕುಳಿತಳು. ನೆನಪಾಗಿ ಹಿಡಿದಾಗ ಅದು ಸ್ಪೇನ್ ದೇಶದ ಯಾವುದೋ ಲಾಲಿಹಾಡು ಎಂದು ತೋರಿಸಿತು.

ಇಷ್ಟು ವರ್ಷ ಒಂದು ದಿನವೂ ಯಾಕೆ ಹಾಡಲಿಲ್ಲ ಎಂದು ಪಾಟಿಯ ಮೇಲೆ ಬರೆದು ಕೇಳಿದೆ. ಅವರು ಓದಿದರು. ನನ್ನ ಮುಖ ನೋಡಿದರು. ಧೋತರದ ಚುಂಗಿನಿಂದ ಪಾಟಿ ಒರೆಸಿ ವಾಪಸು ಕೊಟ್ಟರು. ಶೀಲಾ ನಗುತ್ತ ಒಳಗೆ ಹೋದಳು. ಇದರಲ್ಲಿ ನಗುವಂಥದ್ದು ಏನಿತ್ತೋ ತಿಳಿಯಲಿಲ್ಲ.

ಫೆಬ್ರವರಿ ೧೨, ಬುಧವಾರ

ಅನಾಹುತವಾಯಿತು. ಕ್ರಮವಾಗಿ ಬರೆಯುತ್ತೇನೆ.

ರವಿವಾರದ ಹಾಡು ಕಿಟಕಿಯಿಂದ ಕೇಳಿಸಿಕೊಂಡ ಶಬನಮಳ ಬಾಯಿಂದ ಸಂಗತಿ ಪೇಟೆಯೆಲ್ಲ ಹಬ್ಬಿದೆ. ಹೆಂಗಸರು ಚಮಚ ಕೊಳ್ಳುವ ನೆಪ ಮಾಡಿಕೊಂಡು ಬಂದು, ಭಾಗೀರಥಿಯ ಹಾಡು ಹಾಡ್ರಿ ಎಂದು ನಮ್ಮವರನ್ನು ಕೇಳುತ್ತಾರೆ. ಅವರು ಹಾಡುತ್ತಾರೆ. ಎಲ್ಲರೂ ಜೊತೆಗೂಡುತ್ತಾರೆ. ಹಾನಗಲ್ಲ, ಸವಣೂರು, ಎಲ್ಲಿಯವರು ಬಂದರೂ ಹಾಡು ಬಾಯಿಪಾಠ. ಕಥೆ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಯಾಕೆಂದರೆ ಆಗ ಮಂಗಳವಾರ ಸಂಜೆ ಶುರುವಿನ ಹಾಡು ಮುಗಿಯಿತೋ ಇಲ್ಲವೋ ಕರೆಂಟು ಹೋಗುತ್ತಿತ್ತು. ಪ್ರತಿ ಮಂಗಳವಾರ. ಅತ್ತೆ ಭಾಗೀರಥಿ ಬೀಗದ ಕೈಯನ್ನು ಸೊಸೆಗೆ ಕೊಟ್ಟಳೋ ಇಲ್ಲವೋ ಎಂದು ಈ ಸೀಮೆಯಲ್ಲಿ ಯಾರಿಗೂ ಇವತ್ತಿನವರೆಗೆ ತಿಳಿದಿಲ್ಲ.

ನನಗೆ ಗೊತ್ತು. ಮಾಸೂರಿನ ನನ್ನ ತವರುಮನೆಯಲ್ಲಿ ಅಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಟಿ.ವಿ.ಗೆ ಹಚ್ಚುತ್ತಿದ್ದ. ನಾನು ಒಂದು ಕಂತೂ ಬಿಟ್ಟಿಲ್ಲ. ಭಾಗೀರಥಿ ಕೊಟ್ಟಳು. ಕೊನೆಯ ಕಂತಿನಲ್ಲಿ, ಹಿತ್ತಲ ಬಾಗಿಲಲ್ಲಿ ನಿಂತು, ಅಳುತ್ತ ಕೊಟ್ಟಳು.

ಇವತ್ತು ಇಬ್ಬರು ಹೆಂಗಸರು ಇದೇ ಮಾತಿಗೆ ಜಗಳಕ್ಕೆ ಬಿದ್ದರು. ಕೊನೆಗೆ ನಮ್ಮವರನ್ನು ಕೇಳಿದರು. ಅವರು ಕುಕ್ಕರಿನ ಮುಚ್ಚಳ ಒರೆಸುತ್ತ, ಕೊಡಲಿಲ್ಲ, ಕೀಲಿ ನುಂಗಿಬಿಟ್ಟಳು ಎಂದರು. ಶಬನಮ ಹಾಂ ಎಂದು ಬಾಯಿ ತೆರೆದಳು. ನಮ್ಮವರಿಗೆ ಹುರುಪು ಬಂತು. ಮುಂದೆ ದವಾಖಾನೆ, ಎಕ್ಸ್‌ರೇ, ಹೊಟ್ಟೆಯಲ್ಲಿ ಕೀಲಿ ಎಂದು ಇಲ್ಲದ ಕಥೆ ಕಟ್ಟಿ ಹೇಳತೊಡಗಿದರು. ನಾನು ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಕೊಟ್ಟಳು" ಎಂದು ಬರೆದು ಎತ್ತಿ ಹಿಡಿದೆ. ಯಾರೂ ಈ ಕಡೆ ತಿರುಗಲಿಲ್ಲ. ಸ್ಟೂಲಿನ ಮೇಲೆ ಹತ್ತಿ ನಿಂತು ಹಿಡಿದೆ. ಒಬ್ಬಳು, ಅವ್ವಾರ ಸ್ವಲ್ಪ ಸರೀರಿ, ಕೇಳಸವಲ್ದು ಎಂದಳು.

"ಕೊಟ್ಳು!" ಎಂದೆ.

ಬಾಯಿಂದ ಬಂತು. ತಳ ಹತ್ತಿದ ಪಾತ್ರೆಯನ್ನು ಇಟ್ಟಂಗಿಪುಡಿ ಹಾಕಿ ತಿಕ್ಕಿದ ಹಾಗಿತ್ತು. ನನ್ನ ಧ್ವನಿ ಎಂದು ನನಗೇ ಗುರುತು ಸಿಗಲಿಲ್ಲ. ನಮ್ಮವರ ಕೈಯಿಂದ ಮುಚ್ಚಳ ಬಿದ್ದು ಹೊಸಿಲವರೆಗೆ ಉರುಳಿ ಹೋಯಿತು.

ಫೆಬ್ರವರಿ ೧೩, ಗುರುವಾರ

ಹುಬ್ಬಳ್ಳಿಗೆ ಹೋಗಿ ಬಂದೆವು. ಗಾಯ ಕೆದರಿದೆ. ಇನ್ನೂ ಕೆಲವು ವಾರ ಬಾಯಿ ಬಂದ್. ಇನ್ನೊಮ್ಮೆ ಹೀಗಾದರೆ ನಿನ್ನೆ ಬಂದ ಧ್ವನಿಯೇ ಕಾಯಂ ಆಗಬಹುದು ಎಂದರು ಡಾಕ್ಟರರು. ನಗುತ್ತ ಹೇಳಿದ್ದರೆ ಅಡ್ಡಿಯಿರಲಿಲ್ಲ, ಅವರು ನಗಲಿಲ್ಲ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕುಳಿತೆ. ಅಳಬೇಕೆಂದರೂ ಸಪ್ಪಳ ಮಾಡುವಂತಿಲ್ಲ. ಧ್ವನಿಯೇ ಹೋದರೆ ನಾನು ಅಂದರೆ ಏನು ಉಳಿಯಿತು? ಪಾತ್ರೆಗಳ ನಡುವೆ ಇನ್ನೊಂದು ಪಾತ್ರೆ. ಶಿಗ್ಗಾವಿ ದಾಟಿದ ಮೇಲೆ ನಮ್ಮವರು ಎದುರಿನ ಸೀಟು ನೋಡುತ್ತ ಹೇಳಿದರು.

"ನೀ ಮಾತಾಡಬ್ಯಾಡ. ಅಷ್ಟೂ ನಾ ಮಾತಾಡ್ತೇನಿ."

ಆಡಿದರು. ಆಡೂರಿನ ತಮ್ಮ ಮನೆಯಲ್ಲಿ ಸಣ್ಣವರಿದ್ದಾಗ ಒಂದು ಎಮ್ಮೆ ಇತ್ತಂತೆ. ಬಂಕಾಪುರದಿಂದ ಹಾನಗಲ್ಲಿನವರೆಗೆ ಆ ಎಮ್ಮೆಯೇ. ಅದು ಒಮ್ಮೆ ಯಾರದೋ ಲಗ್ನದ ಚಪ್ಪರದೊಳಗೆ ಹೋಗಿ ನಿಂತಿತಂತೆ, ಅಕ್ಷತೆ ಬೀಳುವವರೆಗೆ ಕದಲಲಿಲ್ಲವಂತೆ. ಎಮ್ಮೆಯ ಬಗ್ಗೆ ಇಷ್ಟು ಮಾತಾಡುವುದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಸ್ಟಾಪು ದಾಟಿ ಮುಂದಿನ ಸ್ಟಾಪಿನಲ್ಲಿ ಇಳಿದೆವು.

ಫೆಬ್ರವರಿ ೧೬, ರವಿವಾರ

ರಾಗ ಹಿಡಿಯಲು ನಮ್ಮವರು ಒಂದು ಉಪಾಯ ಮಾಡಿದ್ದಾರೆ. ಅವರು ಒಂದು ಸ್ವರ ಹಿಡಿಯುತ್ತಾರೆ. ಮುಂದಿನದು ಮೇಲಿದ್ದರೆ ನಾನು ಕೈ ಮೇಲೆ ಮಾಡಬೇಕು, ಕೆಳಗಿದ್ದರೆ ಕೆಳಗೆ. ಸರಿ ಬಂದರೆ ಮೊಣಕಾಲು ತಟ್ಟಬೇಕು. ಬೆಳಿಗ್ಗೆ ಚಹಾ ಕುಡಿದು ಕುಳಿತವರು ರೊಟ್ಟಿಯ ಹೊತ್ತಿಗೆ ಪಿಟೀಲಿನ ಭಾಗ ಮುಗಿಸಿದೆವು. ನಾನು ಸಿಟ್ಟಿನಿಂದ ಕೈ ಮೇಲೆ ಕೆಳಗೆ ಆಡಿಸುವುದನ್ನು ಕಿಟಕಿಯಿಂದ ಕಂಡ ಶಬನಮ, ಜಗಳ ಬಿಡಿಸಲು ಬಂದಳು. ವಿಷಯ ತಿಳಿದ ಮೇಲೆ ತಾನೂ ಕುಳಿತು, ಕೊಳಲಿನ ಜಾಗದಲ್ಲಿ ಶಿಳ್ಳೆ ಹಾಕಿದಳು. ಶಿಳ್ಳೆ ಚಲೋ ಹಾಕುತ್ತಾಳೆ.

ರಾಗ ಈಗ ಹೊರಗೆ ಬಂದಿದೆ. ಮೇಲಕ್ಕೆ ಏರಿ ಟಪ್ಪೆಂದು ನಿಲ್ಲುವಲ್ಲಿಯವರೆಗೆ ಸಿಕ್ಕಿದೆ. ಯಾವ ಧಾರಾವಾಹಿಯದು ಎಂದು ಮಾತ್ರ ನಮ್ಮವರಿಗೂ ತಿಳಿಯಲಿಲ್ಲ. ಎಲ್ಲೋ ಕೇಳಿದ್ದೇನೆ ಎಂದು ಅಂಗಡಿಯಲ್ಲಿ ಎರಡು ಸಲ ಹೇಳಿದರು.

ಪಾತ್ರೆಗಳು ಖರ್ಚಾಗುತ್ತಿವೆ. ನಾನು ಸುಮ್ಮನಿದ್ದರೂ ಖರ್ಚಾಗುತ್ತಿವೆ. ಇದನ್ನು ಬರೆದಿಟ್ಟೆ, ಇದರ ಬಗ್ಗೆ ಇನ್ನು ವಿಚಾರ ಮಾಡುವುದಿಲ್ಲ.

ಫೆಬ್ರವರಿ ೨೦, ಗುರುವಾರ

ಹಿರೇಕೆರೂರಿನಲ್ಲಿ ಖಾದರಸಾಬ ಎಂಬ ಟಿ.ವಿ. ರಿಪೇರಿಯವರಿದ್ದಾರೆ, ಹಳೇ ಧಾರಾವಾಹಿಗಳ ಸಂಗೀತವೆಲ್ಲ ಅವರಿಗೆ ಗೊತ್ತು ಎಂದು ಯಾರೋ ಹೇಳಿದ್ದರು. ಅಂಗಡಿಗೆ ಬೀಗ ಹಾಕಿ ಹೋದೆವು. ಅವರ ಅಂಗಡಿಯಲ್ಲಿ ರಿಪೇರಿ ಯಾವುದೂ ಕಾಣಲಿಲ್ಲ. ಹಳೇ ಟಿ.ವಿ. ಡಬ್ಬಿಯೊಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಗಾಜು ಇಲ್ಲದ ಜಾಗದಿಂದ ಅದು ವಾರ್ತೆ ಓದುವವರ ಹಾಗೆ ನಮ್ಮನ್ನೇ ನೋಡುತ್ತಿತ್ತು.

ನಮ್ಮವರು ರಾಗ ಹಾಡಿದರು. ಖಾದರಸಾಬರು ಕಣ್ಣು ಮುಚ್ಚಿ ಕೇಳಿ, ಇದು ಖಂಡಿತ ಸೀರೆ ಸಾಬೂನಿನ ಜಾಹೀರಾತು ಎಂದರು. ನಾನು ಅಲ್ಲ ಎಂದೆ, ತಲೆಯಿಂದ. ಹಾಗಾದರೆ ಹವಾಮಾನ ಎಂದರು. ಅದೂ ಅಲ್ಲ. ಮತ್ತೊಮ್ಮೆ ಹಾಡಿಸಿದರು. ಆಮೇಲೆ ಗಡ್ಡ ಕೆರೆದುಕೊಂಡು, ಸುತ್ತಲಿನ ಊರುಗಳಲ್ಲಿ ಯಾರಿಗೂ ಇದು ಗೊತ್ತಿಲ್ಲವೇ ಎಂದು ಕೇಳಿದರು. ಇಲ್ಲ ಎಂದರು ನಮ್ಮವರು.

"ಹಂಗಾರ ಇದು ಮುಗಿಯೂ ಸಂಗೀತರೀ," ಎಂದರು ಖಾದರಸಾಬರು. "ಕಥಿ ಮುಗಿದ ಮ್ಯಾಲೆ ಹೆಸರು ಬರ್ತಿದ್ವಲ್ಲ, ಆವಾಗಿಂದು. ಶುರುಂದು ಎಲ್ಲಾರೂ ಕೇಳ್ಯಾರ. ಮುಗಿಯೂದು ಯಾರು ಕೇಳ್ಯಾರ? ಕರೆಂಟ ಎಲ್ಲಿತ್ತು?"

ನಾನು ಎದ್ದು ನಿಂತೆ. ಮಾಸೂರಿನಲ್ಲಿ ಬ್ಯಾಟರಿ ಇತ್ತು. ಕಥೆ ಮುಗಿದದ್ದೇ ನಾನು ಒಳಗೆ ಒಲೆಯ ಮುಂದೆ ಓಡುತ್ತಿದ್ದೆ, ಈ ಸಂಗೀತ ಬೆನ್ನ ಹಿಂದೆ ಬರುತ್ತಿತ್ತು. ಅದಕ್ಕೇ ಪರದೆಯ ಮೇಲೆ ಏನಿತ್ತು ಎಂದು ನೆನಪಿಲ್ಲ. ಭಾಗೀರಥಿಯದೇ ಮುಗಿಯುವ ಸಂಗೀತ.

ಮಾಸೂರು ಅಲ್ಲಿಂದ ದೂರವಿಲ್ಲ. ನಾನು ಕೇಳುವ ಮೊದಲೇ ನಮ್ಮವರು ಆ ಕಡೆಯ ಬಸ್ಸಿಗೆ ಕೈ ಮಾಡಿದರು. ಮದಗದ ಕೆರೆ ತುಂಬಿತ್ತು, ಭತ್ತದ ಗದ್ದೆಗಳಲ್ಲಿ ಹೆಂಗಸರಿದ್ದರು. ಮನೆಯಲ್ಲಿ ಅಣ್ಣ ಗೋಣೆಪ್ಪ ಒಬ್ಬನೇ ಇದ್ದ. ನಾನು ಬಾಗಿಲಲ್ಲಿ ಸುಮ್ಮನೆ ನಿಂತದ್ದು ನೋಡಿ ಗಾಬರಿಯಾಗಿ, ಯಾರು ತೀರಿಕೊಂಡರು ಎಂದು ಕೇಳಿದ. ನಮ್ಮವರು ಎಲ್ಲ ವಿವರಿಸಿದರು. ಅವರು ಇಷ್ಟು ಮಾತಾಡಿದ್ದು ಕಂಡು ಅವನಿಗೆ ಇನ್ನೂ ಗಾಬರಿಯಾಯಿತು.

ಪಡಸಾಲೆಯಲ್ಲಿ ಹಳೇ ಟಿ.ವಿ. ಇದ್ದ ಮೂಲೆಯಲ್ಲಿ ಈಗ ಗೋವಿನಜೋಳದ ಚೀಲಗಳಿವೆ. ನಮ್ಮವರು ಹೋಗಿ ಎದುರಿನ ಗೋಡೆಗೆ ಒರಗಿ ಕುಳಿತರು. ಚೀಲಗಳನ್ನೇ ನೋಡುತ್ತ ರಾಗ ಎತ್ತಿದರು. ಪಿಟೀಲು, ಕೊಳಲು, ತಬಲಾ, ಮೇಲಕ್ಕೆ ಏರಿ, ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ನೋಡಾಕ ಬಂದ ದಿನ ಮಂಗಳಾರ ಇತ್ತು," ಎಂದರು.

ಗೋಣೆಪ್ಪ ಜೋರಾಗಿ ನಗತೊಡಗಿದ. ಅವನಿಗೂ ನೆನಪಾಯಿತು. ಆಡೂರಿನಿಂದ ಹೆಣ್ಣು ನೋಡಲು ಬಂದವರನ್ನು ಇದೇ ಪಡಸಾಲೆಯಲ್ಲಿ ಕೂರಿಸಿದ್ದರು. ಅಷ್ಟರಲ್ಲಿ ಭಾಗೀರಥಿ ಶುರುವಾಯಿತು. ಅವರ ಊರಿನಲ್ಲಿ ಯಾರೂ ಹಾಡು ಮುಗಿದ ಮೇಲಿನ ಭಾಗ ನೋಡಿದವರಲ್ಲ. ಬೀಗರಾಗುವವರು, ಸೋದರಮಾವ, ಮಧ್ಯಸ್ಥಿಕೆಯವನು, ನಮ್ಮಪ್ಪ, ಎಲ್ಲರೂ ಬಾಯಿ ಬಿಟ್ಟು ನೋಡುತ್ತ ಕುಳಿತರು. ಕೀಲಿ ಬಾವಿಗೆ ಬಿದ್ದ ಕಂತು ಅದು. ನನ್ನನ್ನು ಕರೆಯುವುದೇ ಮರೆತರು. ನಾನು ಅವಲಕ್ಕಿಯ ತಾಟು ಹಿಡಿದು ಒಳಬಾಗಿಲಲ್ಲಿ ಪೂರಾ ಕಂತು ನಿಂತಿದ್ದೆ. ಕೊನೆಯ ಸಂಗೀತ ಶುರುವಾದರೂ ಒಬ್ಬರೂ ಈ ಕಡೆ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ನೀ ದಡದಡ ಬಂದಿ," ಎಂದರು ನಮ್ಮವರು. "ಸಂಗೀತ ಮ್ಯಾಲೆ ಏರಾಕತ್ತಿತ್ತು, ಟಪ್ ಅಂತ ಟಿ.ವಿ. ಆರ್ಸಿದಿ. ಅವಲಕ್ಕಿ ಮೆತ್ತಗಾಗಾಕತ್ತಾವು, ತಿನ್ರಿ ಅಂದಿ. ಎಲ್ಲಾರೂ ತಿಂದ್ರು."

ಅದಕ್ಕೇ ರಾಗ ಅಲ್ಲಿಗೆ ನಿಲ್ಲುತ್ತದೆ. ಅದರ ಮುಂದಿನದು ಆ ದಿನ ನಾವಿಬ್ಬರೂ ಕೇಳಿಲ್ಲ.

ಆಗ ನೀವೂ ಟಿ.ವಿ.ಯನ್ನೇ ನೋಡುತ್ತಿದ್ದಿರಿ ಎಂದು ನಾನು ಬೆರಳಿನಿಂದ ತೋರಿಸಿದೆ. ನನಗೆ ಅದು ಚೆನ್ನಾಗಿ ನೆನಪಿದೆ. ಮದುವೆಯಾದ ಹೊಸದರಲ್ಲಿ ಎಷ್ಟೋ ಸಲ ಹಂಗಿಸಿದ್ದೇನೆ.

"ಟಿ.ವಿ. ಆರಿದ ಮ್ಯಾಲೂ ಅಲ್ಲೇ ನೋಡ್ಕೋಂತ ಕುಂತಿದ್ದೆ," ಎಂದರು. "ನೀ ಅದರ ಮುಂದ ನಿಂತಿದ್ದಿ."

ಪಾಟಿಯನ್ನು ಖಾದರಸಾಬರ ಅಂಗಡಿಯಲ್ಲೇ ಮರೆತು ಬಂದಿದ್ದೆ. ಒಳಗೆ ಹೋಗಿ ಅವಲಕ್ಕಿ ಹಚ್ಚಿದೆ. ಒಗ್ಗರಣೆ ಸ್ವಲ್ಪ ಸೀದಿತು, ಎಲ್ಲರೂ ತಿಂದರು.

ಫೆಬ್ರವರಿ ೨೬, ಬುಧವಾರ, ಶಿವರಾತ್ರಿ

ಉಪವಾಸ. ರಾಗ ತಲೆಯಿಂದ ಹೋಗಿಬಿಟ್ಟಿದೆ. ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ತಲೆ ಬಾಡಿಗೆದಾರರು ಬಿಟ್ಟ ಮನೆಯ ಹಾಗೆ ಸ್ವಚ್ಛವಾಗಿದೆ. ಬಿಲ್ವಪತ್ರಿ ತರಲು ಹೋದ ನಮ್ಮವರು ಬರುವುದು ತಡವಾಯಿತು. ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದೆ. ಮನೆ ಬಹಳ ಗಪ್ಪಾಗಿತ್ತು.

ಮಾರ್ಚ್ ೪, ಮಂಗಳವಾರ

ಹುಬ್ಬಳ್ಳಿ. ಡಾಕ್ಟರರು ಗಂಟಲಲ್ಲಿ ಕ್ಯಾಮೆರಾ ಇಳಿಸಿ ನೋಡಿ, ಚಲೋ ಮಾಗಿದೆ, ನಿಮ್ಮ ಹೆಸರು ಹೇಳಿರಿ ಎಂದರು. ಹೇಳಲು ಹೆದರಿಕೆಯಾಯಿತು. "ಮಹಾದೇವಕ್ಕ" ಎಂದೆ. ಮೊದಲಿನಷ್ಟು ದೊಡ್ಡದಿಲ್ಲ. ಸ್ವಲ್ಪ ತಗ್ಗಿದೆ, ಆದರೆ ನನ್ನದೇ. ನಮ್ಮವರು ಆ ಕಡೆ ತಿರುಗಿ ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಇನ್ನು ಮೆಲ್ಲಗೆ, ಬೇಕಾದಷ್ಟೇ ಮಾತಾಡಿರಿ, ಅಂಗಡಿಯಲ್ಲಿ ಕೂಗಬೇಡಿರಿ ಎಂದರು ಡಾಕ್ಟರರು.

ಬಸ್ಸಿನಲ್ಲಿ ಆಡಲು ಮಾತು ಬೇಕಾದಷ್ಟಿತ್ತು. ಇಷ್ಟು ದಿನ ಕೂಡಿಟ್ಟದ್ದು. ಕುಕ್ಕರುಗಳನ್ನು ಮೇಲಿನ ಹಲಗೆಗೆ ಇಡಬಾರದು, ಆ ಅಕ್ಕಿಆಲೂರಿನ ಹೆಂಗಸಿಗೆ ಕೊಡದ ಜೊತೆ ತಂಬಿಗೆಯನ್ನೂ ತೋರಿಸಬೇಕಿತ್ತು, ಶಬನಮಳಿಗೆ ಹೇಳುವುದಿತ್ತು, ಗೋಣೆಪ್ಪನಿಗೆ ಹೇಳುವುದಿತ್ತು. ಸೀಟು ಹಿಡಿದು, ಸೆರಗು ಸರಿಮಾಡಿಕೊಂಡು, ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಶುರು ಮಾಡಿಬಿಟ್ಟಿದ್ದರು. ಅವರು ಸಣ್ಣವರಿದ್ದಾಗ ಆಡೂರಿನ ಶಾಸನ ಓದಲು ಎಲ್ಲಿಂದಲೋ ಪ್ಯಾಂಟು ಹಾಕಿದ ಪಂಡಿತರು ಬಂದಿದ್ದರಂತೆ. ಕಲ್ಲಿಗೆ ನೀರು ಹಾಕಿ, ಬ್ರಶ್ಶಿನಿಂದ ತಿಕ್ಕಿ, ಕಾಗದ ಅಂಟಿಸುತ್ತಿದ್ದರಂತೆ. ಇವರ ಅಜ್ಜಿ ಅವರನ್ನು ನಿಧಿ ಹುಡುಕುವವರು ಎಂದು ತಿಳಿದು, ಮೊದಲು ಬೈದು, ಆಮೇಲೆ ಬಿಸಿಲಿಗೆ ಕನಿಕರಪಟ್ಟು, ಮಜ್ಜಿಗೆ ತರುತ್ತೇನೆ ಎಂದು ಒಳಗೆ ಹೋದಳಂತೆ.

ಬಂಕಾಪುರ ಬಂತು. ಅಜ್ಜಿ ಇನ್ನೂ ಒಳಗೇ ಇದ್ದಳು. ನಮ್ಮವರು ಆ ಕಲ್ಲು ಹೇಗಿತ್ತು, ಪಂಡಿತರ ಟೊಪ್ಪಿಗೆ ಹೇಗಿತ್ತು ಎಂದು ಹೇಳುತ್ತಲೇ ಇದ್ದರು. ಒಮ್ಮೆ ತಡೆದು, ನನ್ನ ಮುಖ ನೋಡಿ, ನಿಲ್ಲಿಸಿದರು. ಇನ್ನು ನನ್ನ ಪಾಳಿ ಎಂದುಕೊಂಡರೋ ಏನೋ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನಾದರು.

"ಮುಂದ?" ಎಂದೆ.